ಹೊರಗಿನಿಂದ ಬಿಚ್ಚುವ ಗಂಟು

ರೋಮನ್ ಸಾಮ್ರಾಜ್ಯದ ಇಳಿಗಾಲ. ಸಿರಿಯದ ಕರಾವಳಿಯಲ್ಲಿ, ಒಂದು ನದಿ ಸಮುದ್ರ ಸೇರುವಲ್ಲಿ, ಥಿಯೋನನೆಂಬ ಮುದಿ ಸಂನ್ಯಾಸಿಯಿದ್ದ. ಹಗ್ಗ ಹೊಸೆದು ಹೊಟ್ಟೆ ಹೊರೆಯುತ್ತಿದ್ದ. ಮಲ್ಕ ಅವನ ಒಬ್ಬನೇ ಶಿಷ್ಯ.

ಪಕ್ಕದ ಬಂದರಿನ ಬಾಯಿಗೆ ಅಡ್ಡಲಾಗಿ, ಅಲೆಯ ಹೊಡೆತ ತಡೆಯಲೆಂದು, ಮರದ ದಿಮ್ಮಿಗಳ ಸಾಲೊಂದು ತೇಲುತ್ತಿತ್ತು. ಅದನ್ನು ಕಲ್ಲುಕಂಬಕ್ಕೆ ಬಿಗಿದ ಗಂಟು ಗುರುವಿನದು. ಬೆಸ್ತರು ದೋಣಿಯಲ್ಲೇ ನಿಂತು ಹಗ್ಗದ ತುದಿ ಎಳೆದರೆ ಸಾಕು, ಬಿಚ್ಚಿಕೊಂಡು ದಾರಿ ಬಿಡುತ್ತಿತ್ತು.

ಆ ವರ್ಷ ಬಂದರು ಸೇನಾನೆಲೆಯಾಯಿತು. ವ್ಯಾಪಾರಿಗಳ ಉಗ್ರಾಣಗಳಲ್ಲಿ ಸೈನಿಕರು ಬೀಡುಬಿಟ್ಟರು. ಎಣ್ಣೆಯ ಜಾಡಿ ಇಳಿಯುತ್ತಿದ್ದ ಕಟ್ಟೆಯ ಮೇಲೆ ಬಾಣದ ಹೊರೆ ಇಳಿಯಿತು. ಬೆಸ್ತರ ಹೊಟ್ಟೆ ಮಾತ್ರ ಹಾಗೇ ಇತ್ತು. ಅವರು ಸಮುದ್ರಕ್ಕೆ ಹೋಗುತ್ತಲೇ ಇದ್ದರು. ಮಲ್ಕನ ತಮ್ಮ ಜಬ್ದನೂ ಅವರಲ್ಲೊಬ್ಬ.

ಒಂದು ದಿನ ದಂಡನಾಯಕ ಗುಡಿಸಲಿಗೆ ಬಂದ.

"ನಿಮ್ಮ ಗಂಟನ್ನು ಶತ್ರುವೂ ಬಿಚ್ಚಬಹುದು. ಒಳಗಿನವರು ಮಾತ್ರ ಬಿಚ್ಚುವಂಥದ್ದು ಬೇಕು."

"ನನಗೆ ಬರುವುದು ಇದೊಂದೇ," ಎಂದ ಗುರು.

"ನಾನು ಹಾಕಿಕೊಡುತ್ತೇನೆ," ಎಂದ ಮಲ್ಕ.

ದಿಮ್ಮಿಸಾಲಿನ ಹಗ್ಗವನ್ನು, ಕಲ್ಲುಕಂಬದ ಪಕ್ಕದ ಕಾವಲುಗೋಪುರದ ಗೋಡೆಯ ತೂತಿನಿಂದ ಒಳಗೆಳೆದು ಅಲ್ಲೇ ಬಿಗಿದ. ನಾಲ್ವರು ಸೈನಿಕರು ಹೊರಗಿನಿಂದ ತಿಣುಕಿ ಸೋತರು. ದಂಡನಾಯಕ ಬೆನ್ನು ತಟ್ಟಿದ. ಮಲ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹಿಂತಿರುಗಿದರೆ ಗುಡಿಸಲಿನ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು.

"ಗುರುಗಳೇ, ನಾನು, ಮಲ್ಕ."

"ಶತ್ರುವೂ ಹಾಗೇ ಹೇಳುತ್ತಾನೆ."

"ನನ್ನ ದನಿ ಗೊತ್ತಾಗುವುದಿಲ್ಲವೇ?"

"ಗೊತ್ತಾಗುತ್ತದೆ. ತೆರೆಯಲು ಅಪ್ಪಣೆಯಿಲ್ಲ."

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಮಲ್ಕ ನಗುತ್ತಲೇ ಒಳಗೆ ಬಂದ.

"ತಮಾಷೆ ಸಾಕು ಗುರುಗಳೇ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಏನು ಫಲ? ನಾವು ಮೊದಲೇ ಹಾಕಿದ್ದೇವೆ."

ಗುರು ನಗಲಿಲ್ಲ. ಗಂಜಿ ಬಡಿಸಿದ.

ಅದಾದ ಹನ್ನೆರಡನೆಯ ದಿನ ಮಧ್ಯಾಹ್ನ ಬಿರುಗಾಳಿ ಎದ್ದಿತು. ಬೆಸ್ತರ ಏಳು ದೋಣಿಗಳು ದಡದತ್ತ ತಿರುಗಿದವು. ಅದೇ ಹೊತ್ತಿಗೆ ಗೋಪುರದಲ್ಲಿ ಕಹಳೆ ಮೊಳಗಿತು. ದೂರದಲ್ಲಿ ಗುರುತಿಲ್ಲದ ಹಡಗುಗಳು ಕಂಡಿದ್ದವು; ಯಾರಿಗೂ ದಾರಿ ಬಿಡಬಾರದೆಂದು ಆಜ್ಞೆಯಾಯಿತು.

ಮಲ್ಕ ಗೋಪುರಕ್ಕೆ ಓಡಿದ.

"ಅವರು ನಮ್ಮವರು! ಕೆಂಪು ತೇಪೆಯ ಹಾಯಿ ಇದೆಯಲ್ಲ, ಅದು ನನ್ನ ತಮ್ಮನದು!"

"ಕಾಣುತ್ತಿದೆಯಪ್ಪ," ಎಂದ ಕಾವಲುಗಾರ. ಅವನ ಕಣ್ಣಲ್ಲೂ ನೀರಿತ್ತು. "ಅಪ್ಪಣೆಯಿಲ್ಲ."

ಮಲ್ಕ ಗಂಟಿನ ಮೇಲೆ ಬಿದ್ದ. ಇಬ್ಬರು ಸೈನಿಕರು ಅವನ ತೋಳು ಹಿಡಿದು ಕಿಟಕಿಯ ಬಳಿ ಎಳೆದರು.

ಕೆಳಗೆ ಜಬ್ದ ಒಂದು ಕೈಯಲ್ಲಿ ದಿಮ್ಮಿ ಹಿಡಿದು, ಇನ್ನೊಂದು ಕೈಯಲ್ಲಿ ಕಲ್ಲುಕಂಬ ತಡಕುತ್ತಿದ್ದ. ಹಗ್ಗದ ತುದಿ ಯಾವಾಗಲೂ ಅಲ್ಲೇ ಇರುತ್ತಿತ್ತು. ಮತ್ತೆ ಮತ್ತೆ ತಡಕಿದ. ಆಮೇಲೆ ದೊಡ್ಡ ಅಲೆ ಬಂತು.

ಸಂಜೆ ಗಾಳಿ ಇಳಿಯಿತು. ದೂರದ ಹಡಗುಗಳು ಹತ್ತಿರ ಬಂದವು. ಅವು ಇದೇ ಸೈನಿಕರಿಗೆ ಗೋಧಿ ತಂದಿದ್ದವು.

ಮೂರು ದಿನ ಮಲ್ಕ ಅನ್ನ ಮುಟ್ಟಲಿಲ್ಲ. ನಾಲ್ಕನೆಯ ದಿನ ಬಾಯಿ ಬಿಟ್ಟ.

"ನಿಮಗೆ ಗೊತ್ತಿತ್ತು. ಯಾಕೆ ತಡೆಯಲಿಲ್ಲ?"

"ಬಾಗಿಲು ಹಾಕಿ ತೋರಿಸಿದೆ. ಕೈ ಹಿಡಿದು ತಡೆಯಬೇಕಿತ್ತು. ಆ ಪಾಪ ನನ್ನದು," ಎಂದ ಗುರು.

ಆಮೇಲೆ ಒಂದು ಹಗ್ಗ ತಂದು ಶಿಷ್ಯನ ಮಡಿಲಲ್ಲಿಟ್ಟ.

"ಹಳೆಯ ಗಂಟು ಹಾಕು."

ಮಲ್ಕ ಹಗ್ಗವನ್ನು ನೋಡುತ್ತಾ ಕುಳಿತ.

"ಇದನ್ನು ಹಾಕಿದರೆ ಯಾರು ಬೇಕಾದರೂ ಒಳಗೆ ಬರಬಹುದಲ್ಲ ಗುರುಗಳೇ?"

"ಬರಬಹುದು," ಎಂದ ಗುರು. "ಜಬ್ದನೂ ಬರುತ್ತಿದ್ದ."