ಮಾನಪ್ಪ ಆರಿಸಿದ ಕಟಿಂಗ್ ಮಿಷನ್

ಭಾಳ ಹಿಂದಕ, ತೊಟ್ಲಾ ಮಾಡೋ ಮಂದಿ ಇರೋ ನಮ್ಮೂರಾಗ ಮಾನಪ್ಪ ಬಡಿಗೇರ ಅಂತ ಒಬ್ಬಾಂವ ಇದ್ದನಂತ. ಎಷ್ಟ ಹಿಂದಕ ಅಂತ ಕೇಳಬ್ಯಾಡ್ರಿ, ನಮ್ಮವ್ವನೂ ನನಗ ಹೇಳಲಿಲ್ಲ. ಊರಿಗೆ ಕರೆಂಟು ಬಂದಿತ್ತು, ಅಷ್ಟ ಖರೆ.

ಗರಗಸ ಮುಟ್ಟಿದ್ರ ಸಾಕು, ಯಾವ ಹಲ್ಲು ಮೊಂಡ ಆಗೇತಿ ಅಂತ ಕಣ್ಣು ಮುಚ್ಚಿ ಹೇಳ್ತಿದ್ದನಂತ. ಬಾಜೂ ಊರಾಗ ಮಿಷನ್ ಓಡಿದ್ರ ಇಲ್ಲೇ ಕುಂತು ಅದರ ಬೇರಿಂಗ್ ಹೋಗೇತಿ ಅಂತಿದ್ದ, ಅಂತಾರ. ಅದನ್ನ ನಾ ನಂಬೂದಿಲ್ಲ. ಆದ್ರ ಮನ್ಯಾಗ ಕೆಲಸಕ್ಕ ಕಟಿಂಗ್ ಮಿಷನ್ ತರೋರು ಮೊದಲ ಮಾನಪ್ಪನ ಮನಿಗೆ ಹೋಗ್ತಿದ್ರು, ಅದನ್ನ ನಂಬ್ತೀನಿ.

ಆ ಮಿಷನ್ ನೀವು ನೋಡೀರಿ. ಕಬ್ಬಿಣದ ಮೇಜು, ನಡುವ ಒಂದು ಸೀಳು, ಸೀಳಿನಾಗಿಂದ ದುಂಡನ ಬ್ಲೇಡು ತಲಿ ಎತ್ತಿ ತಿರಗತಿರತೈತಿ. ಹಲಗಿ ಮುಂದ ದಬ್ಬಬೇಕು, ಕೈ ಹಿಂದ ಉಳೀಬೇಕು.

ಅದ ಊರಾಗ ಕಾಳಪ್ಪ, ಸಾವಂತ್ರೆವ್ವ ಅಂತ ಗಂಡ ಹೆಂಡ್ತಿ. ಕಾಳಪ್ಪ ಮಾನಪ್ಪನ್ನ ಕೇಳದ, ಬರೇ ಬಣ್ಣ ನೋಡಿ ಒಂದು ಮಿಷನ್ ತಂದ. ಮೂರು ತಿಂಗಳಿಗೆ ಅದು ಅವನ ಬಲಗೈದು ಎರಡು ಬೆರಳು ತಗೊಂತು. ಉಳಿ ಹಿಡಿಯಾಕ ಬರದಂಗಾತು. ಪೂಜಿ ಕಮ್ಮಿ ಆತು, ಅದಕ್ಕ ಮಿಷನ್ ಸಿಟ್ಟಾತು ಅಂತ ಕಾಳಪ್ಪ ಹೇಳಕೋತ ತಿರಗಿದ. ಸಾವಂತ್ರೆವ್ವ ಆ ಮಿಷನ್ನ ಗುಜರಿಗೆ ಹಾಕಿ ತಾನ ಉಳಿ ಹಿಡದ್ಲು. ಅಲ್ಲಿಂದ ಮನಿ ನಡಿಯೂದು ಆಕಿ ಹತ್ತು ಬೆರಳಿನ ಮ್ಯಾಲ. ಕೈಗರಗಸದಾಗ ಕೊಯ್ದು ಕೊಯ್ದು ರಟ್ಟಿ ಸೋತು, ಒಂದಿನ ಮಾನಪ್ಪನ ಮನಿಗೆ ಬಂದು, "ಕಾಕಾ, ಒಂದು ಮಿಷನ್ ಆರಿಸಿಕೊಡ್ರಿ. ಚಂದ ಇರದಿದ್ರೂ ನಡೀತೈತಿ, ನನ್ನ ಕೈ ಉಳೀಬೇಕು" ಅಂದ್ಲಂತ.

ಇಬ್ಬರೂ ಹುಬ್ಬಳ್ಳಿಗೆ ಹೋದ್ರು. ಅಂಗಡಿಯಾಂವ ಎಲ್ಲಾಕಿಂತ ದೊಡ್ಡ ಮಿಷನ್ ತೋರಿಸಿದ. ಮಾನಪ್ಪ ಮೇಜಿನ ಮ್ಯಾಲ ಒಂದು ರೂಪಾಯಿ ನಾಣ್ಯಾ ಅಂಚಿನ ಮ್ಯಾಲ ನೆಟ್ಟಗ ನಿಲ್ಲಿಸಿ, ಚಾಲೂ ಮಾಡು ಅಂದ. ನಾಣ್ಯಾ ಬಿತ್ತು. ನಾಣ್ಯಾ ಎತ್ಕೊಂಡು ಮುಂದಿನದಕ್ಕ ನಡದ. ಅಲ್ಲಿ ನಾಣ್ಯಾ ನಿಂತಿತು. ಆದ್ರ ಬ್ಲೇಡಿಗೂ ಹಲಗಿ ಆನಿಸೋ ಪಟ್ಟಿಗೂ ನಡುವ ಕಸಬರಿಗಿ ಕಡ್ಡಿ ಇಟ್ಟು ಅಳದ್ರ, ಮುಂದ ಒಂದು ಅಳತಿ, ಹಿಂದ ಒಂದು ಅಳತಿ. ಅದೂ ಬ್ಯಾಡಾತು. ಹಿಂಗ ಮೂರು ದಿನ ನೋಡಿದ್ರು ಅಂತಾರ. ಒಂದ ದಿನ ಇರಬೇಕು. ಮೂರು ದಿನ ಯಾವ ಅಂಗಡಿಯಾಂವ ಚಾ ಕುಡಿಸ್ತಾನ?

ಕಡೀಕ ಮೂಲ್ಯಾಗ ಕುಂತಿದ್ದ ಒಂದು ಗಿಡ್ಡ, ಬಣ್ಣ ಹಾರಿದ ಮಿಷನ್ ಕಡೆ ಬಂದ್ರು. ನಾಣ್ಯಾ ಅಲುಗಲಿಲ್ಲ. ಕಡ್ಡಿ ಎರಡೂ ಕಡೆ ಸರಿ ಕುಂತಿತು. ಬ್ಲೇಡಿನ ಬೆನ್ನಿಗೆ ಒಂದು ಉಕ್ಕಿನ ತಗಡು ಇತ್ತು, ಸೀಳಿದ ಹಲಗಿ ಮತ್ತ ಕೂಡಿ ಬ್ಲೇಡು ಹಿಡೀಬಾರದು ಅಂತ. ಮೊಣಕಾಲ ಮಟ್ಟಕ್ಕ ಅಗಲಾದ ಒಂದು ಕೆಂಪು ಗುಂಡಿ, ಒತ್ತಿದ್ರ ಮಿಷನ್ ಬಂದ್. ಮಾನಪ್ಪ ಸಾವಂತ್ರೆವ್ವನ್ನ ಅಲ್ಲೇ ನಿಲ್ಲಿಸಿ, ಎರಡೂ ಕೈ ಮೇಜಿನ ಮ್ಯಾಲ ಇಡಿಸಿ, ಮೊಣಕಾಲಿಲೆ ಆ ಗುಂಡಿ ಇಪ್ಪತ್ತು ಸಲ ಒತ್ತಿಸಿದ. ಅಂಗಡ್ಯಾಗಿನ ಮಂದಿ ನಕ್ಕರು, ಆಕಿಗೆ ನಾಚಿಕಿ ಆತು. "ನಗಲಿ ಬಿಡವಾ, ಇನ್ನೊಮ್ಮೆ" ಅಂದನಂತ.

ಮಿಷನ್ ಮನಿಗೆ ಬಂತು. ಈ ಸಲ ಪೂಜ್ಯಾಗ ಏನೂ ಕಮ್ಮಿ ಆಗಬಾರದು ಅಂತ ಕಾಳಪ್ಪ ಮುಂಜಾನೆದ್ದು ಜಳಕಾ ಮಾಡಿ, ಬ್ಲೇಡಿಗೆ ವಿಭೂತಿ ಬಳದ, ಕುಂಕುಮ ಹಚ್ಚಿದ. ಹೂವಿನ ಮಾಲಿ ಹಾಕಾಕ ಹೋದ್ರ ಹಿಂದಿನ ತಗಡು ಅಡ್ಡ ಬಂತು. ಅದನ್ನ ಬಿಚ್ಚಿ ಗ್ವಾಡಿ ಗೂಡಿನಾಗ ಇಟ್ಟ. ಪೂಜಿ ಮುಗದ ಮ್ಯಾಲ ಮಾಲಿ ತಗದ, ತಗಡು ಮರತ.

ಸಾವಂತ್ರೆವ್ವ ಮೊದಲನೇ ಹಲಗಿ ದಬ್ಬಿದ್ಲು. ಹಸಿ ಸಾಗವಾನಿ. ಅರ್ಧಾ ಹೋಗೂದ್ರಾಗ ಸೀಳಿದ ಬಾಯಿ ಕೂಡಿ ಬ್ಲೇಡು ಗಟ್ಟಿ ಹಿಡಕೊಂತು, ಹಲಗಿ ನಡುಗಿ ಆಕಿ ಕಡೆ ಏಳಾಕತ್ತಿತು. ಮಾನಪ್ಪ ಹಾರಿ ಬಂದು ಬ್ಲೇಡನ್ನ ಮುಷ್ಟ್ಯಾಗ ಹಿಡದ ಅಂತಾರ ಕೆಲವರು. ಶುದ್ಧ ಸುಳ್ಳು. ಪೂಜಿಗೆ ಬಂದಿದ್ದ ಅಂವಾ ಪಡಸಾಲ್ಯಾಗ ಕುಂತು ಹೋಳಗಿ ತಿನ್ನಾಕತ್ತಿದ್ದ, ಬಾಯಿ ತುಂಬಿತ್ತು, ಒದರಾಕೂ ಆಗಲಿಲ್ಲ. ಸಾವಂತ್ರೆವ್ವನ ಮೊಣಕಾಲು ತಾನಾಗೇ ಹೋಗಿ ಗುಂಡಿಗೆ ಬಡೀತು. ಬ್ಲೇಡು ಹಲಗ್ಯಾಗ ನಿಂತಬಿಡ್ತು.

ಕಾಳಪ್ಪ ಓಡಿ ಬಂದು ಹೆಂಡ್ತಿ ಬೆರಳು ಎಣಿಸಿದ. ಹತ್ತು. ನಂಬಿಕಿ ಬರಲಿಲ್ಲ, ಮತ್ತ ಎಣಿಸಿದ. ಹತ್ತ. ಮೂರನೇ ಸಲ ಎಣಿಸೂಮುಂದ ಆಕಿ, "ಸಾಕ ಬಿಡ್ರಿ, ಎಲ್ಲಾ ಅದಾವು" ಅಂದ್ಲು. ಆವಾಗ ಅವನ ಕಣ್ಣಿಗೆ ಗೂಡಿನಾಗಿನ ತಗಡು ಬಿತ್ತು. ಅಲ್ಲೇ ನೆಲಕ್ಕ ಕುಂತು ಅಳಾಕತ್ತಿದ. ಆಕಿಗೆ ಹೋದ ಜೀವ ಬಂದಂಗಾಗಿ ನಗು ಬಂತು, ನಕ್ಕೋತ ನಕ್ಕೋತ ಆಕಿನೂ ಅತ್ಲು.

ಮಾನಪ್ಪ ಹೋಳಗಿ ಬಿಟ್ಟು ಎದ್ದ. ಕೈ ತೊಳಕೊಂಡು ಬಂದು ತಗಡು ತಾನ ಕುಂಡ್ರಿಸಿ ಬಿಗಿ ಮಾಡಿದ. ಆಮ್ಯಾಲ ಕುಂಕುಮದ ಬಟ್ಟಲ ತರಿಸಿ, ಕಾಳಪ್ಪನ ಮೂರು ಬೆರಳಿನ ಕೈ ಹಿಡದು ಕೆಳಗ ಬಗ್ಗಿಸಿ, "ಹಚ್ಚೂದಿದ್ರ ಇದಕ್ಕ ಹಚ್ಚೋ" ಅಂತ ಆ ಕೆಂಪು ಗುಂಡಿ ತೋರಿಸಿದ.

ಇವತ್ತಿಗೂ ನಮ್ಮೂರಾಗ ಮನಿಗೆ ಹೊಸಾ ಮಿಷನ್ ಬಂದ್ರ ಬ್ಲೇಡಿಗೆ ಯಾರೂ ಕುಂಕುಮ ಹಚ್ಚೂದಿಲ್ಲ. ಬಗ್ಗಿ, ಬಂದ್ ಮಾಡೋ ಗುಂಡಿಗೆ ಹಚ್ಚಿ, ಮಾನಪ್ಪನ ಹೆಸರು ತಗೊಂಡು ಕೈ ಮುಗೀತೀವಿ. ಹೊರಗಿನ ಮಂದಿ ನೋಡಿ ನಗ್ತಾರ. ಹೊಸಾ ಮಿಷನ್ ತಂದು, ನಿಂತು ಹೋಗಲಿ ಅಂತ ದೇವರಿಗೆ ಬೇಡಕೋತೀರೇನು ಅಂತ ಕೇಳ್ತಾರ.

ಹೌದು ಅಂತೀವಿ.