ರಾಣಿ ತುಂಬಿದ ಉಡಿ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಕಾಶವ್ವ. ನಾಗರಪಂಚಮಿ ಹಬ್ಬಕ್ಕೆ ಮನೆಗೆ ಕರೆದೊಯ್ಯಲು ಯಾರೂ ಬಾರದ ಹುಡುಗಿಯರನ್ನೆಲ್ಲ ಒಲೆಯ ಮುಂದೆ ಕೂರಿಸಿಕೊಂಡು, ರೊಟ್ಟಿ ಬಡಿಯುತ್ತ ಹೇಳುತ್ತಿದ್ದರು. ನಡುವೆ ಯಾರಾದರೂ ಆಕಳಿಸಿದರೆ ಅವಳ ರೊಟ್ಟಿ ಪಕ್ಕದವಳ ತಾಟಿಗೆ ಹೋಗುತ್ತಿತ್ತು. ಹಾಗಾಗಿ ನನಗೆ ಒಂದಕ್ಷರವೂ ಮರೆತಿಲ್ಲ.

ಒಂದು ರಾಜ್ಯ. ಅದಕ್ಕೊಬ್ಬ ರಾಜ, ಒಬ್ಬಳು ರಾಣಿ. ಇಬ್ಬರೂ ಒಳ್ಳೆಯವರೇ. ಆದರೆ ಒಳ್ಳೆಯವರಿಗೆ ಒಂದು ತೊಂದರೆ ಇರುತ್ತದೆ ನೋಡಿ, ದಾನ ಮಾಡಿದ ಕೂಡಲೇ ನಿದ್ದೆ ಬಂದುಬಿಡುತ್ತದೆ. ಇವರಿಗೂ ಚೆನ್ನಾಗಿಯೇ ಬರುತ್ತಿತ್ತು.

ಆ ರಾಜ್ಯದಲ್ಲಿ ಒಂದು ಪದ್ಧತಿ. ಮದುವೆಯಾಗಿ ಹೋಗಲಿ, ಬೇರೆ ಮನೆಯಲ್ಲಿ ಬೆಳೆಯಲು ಹೋಗಲಿ, ಹೊರಟ ಹುಡುಗಿಗೆ ಉಡಿ ತುಂಬಬೇಕು. ಮಡಿಲಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು. ಉಡಿ ತುಂಬಿದವರೇ ಆಕೆಯ ತವರು. ಪಂಚಮಿಗೆ ಆ ತವರಿನವರು ಬಂದು ಕರೆದರೆ ಹುಡುಗಿಯನ್ನು ಕಳಿಸಲೇಬೇಕು. ಇಲ್ಲ ಎನ್ನುವ ಹಕ್ಕು ರಾಜನಿಗೂ ಇರಲಿಲ್ಲ. ಚೆಂದದ ಪದ್ಧತಿ. ಆದರೆ ಅದರಲ್ಲೊಂದು ತೂತಿತ್ತು. ಗಂಡ ಸತ್ತ ಹೆಂಗಸು ಉಡಿ ತುಂಬುವಂತಿರಲಿಲ್ಲ. ಹೆತ್ತ ಮಗಳಿಗೂ.

ಆ ತೂತು ಒಬ್ಬನ ಕಣ್ಣಿಗೆ ಬಿದ್ದಿತ್ತು. ಅವನ ಹೆಸರು ಅಡಿವೆಪ್ಪ ದಣಿ. ಗಂಡನಿಲ್ಲದ ಹೆಂಗಸರ ಗುಡಿಸಲುಗಳನ್ನೇ ಹುಡುಕಿಕೊಂಡು ಹೋಗಿ, "ಮಗಳನ್ನ ನನ್ನ ಮಹಲಿಗೆ ಕಳಸವ್ವಾ. ಉಣ್ಣಾಕ, ಉಡಾಕ, ಓದಾಕ ಎಲ್ಲಾ ನಂದು," ಎನ್ನುತ್ತಿದ್ದ. ಹಸಿದ ಮನೆ, ತಾಯಿ ಕಳಿಸುತ್ತಿದ್ದಳು. ಹುಡುಗಿಗೆ ಹೊಸ ಲಂಗ ತೊಡಿಸಿ ಅರಮನೆಯ ಮುಂದೆ ಮೆರವಣಿಗೆ ಮಾಡಿಸುತ್ತಿದ್ದ. ರಾಜ ಮೆಚ್ಚಿ ಅವನಿಗೆ ಶಾಲು ಹೊದಿಸುತ್ತಿದ್ದ. ಮಹಲಿನ ಬಾಗಿಲು ಮುಚ್ಚಿದ ಮೇಲೆ ಹೊಸ ಲಂಗ ಪೆಟ್ಟಿಗೆ ಸೇರುತ್ತಿತ್ತು, ಮುಂದಿನ ಹುಡುಗಿಗೆ ಬೇಕಲ್ಲ. ಇವಳ ಕೈಗೆ ಕತ್ತಾಳಿ ನಾರು ಬರುತ್ತಿತ್ತು. ಬೆಳಗಿನಿಂದ ಸಂಜೆಯ ತನಕ ಹಗ್ಗ ಹೊಸೆಯುವುದೇ ಅಲ್ಲಿಯ ಓದು. ಅಡಿವೆಪ್ಪನ ಹಗ್ಗವೆಂದರೆ ಸುತ್ತಲ ರಾಜ್ಯಕ್ಕೆಲ್ಲ ಹೆಸರು. ಹೊಸೆದವರ ಹೆಸರು ಯಾರೂ ಕೇಳಿದವರಲ್ಲ.

ಪಂಚಮಿಗೆ ತಾಯಂದಿರು ಬಾಗಿಲಿಗೆ ಬಂದರೆ ದಣಿ ನಗುನಗುತ್ತಲೇ ಕೇಳುತ್ತಿದ್ದ, "ಉಡಿ ಯಾರು ತುಂಬ್ಯಾರವ್ವಾ?" ತಾಯಿ ತಲೆ ತಗ್ಗಿಸಿ ಹಿಂದಿರುಗುತ್ತಿದ್ದಳು.

ಹೀಗಿರುವಾಗ ರಾಣಿಗೆ ಹೆಣ್ಣುಮಗು ಹುಟ್ಟಿತು. ಹೆರಿಗೆ ಮಾಡಿಸಿದವಳು ಸೂಲಗಿತ್ತಿ ಹುಲಿಗೆವ್ವ. ಹಿಂದೆ ರಾಜನನ್ನು ತಾಯಿಯ ಹೊಟ್ಟೆಯಿಂದ ಹೊರಗೆಳೆದವಳೂ ಅವಳೇ, ಅದಕ್ಕೆ ಅವನನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದಳು. ತೊಟ್ಟಿಲ ಹಬ್ಬದ ದಿನ ಅವಳು ಅರಮನೆಯ ಮೆಟ್ಟಿಲು ಹತ್ತುತ್ತಿದ್ದಾಗ ಕಸಬರಿಗೆ ಕಟ್ಟಿ ಬದುಕುವ, ಗಂಡನಿಲ್ಲದ ದ್ಯಾಮವ್ವ ಓಡಿಬಂದು ಸೆರಗು ಹಿಡಿದಳು.

"ನನ್ನ ಮಗಳು ಮಾಳಿನ್ನ ದಣಿಗೆ ಕೊಟ್ಟುಬಿಟ್ಟೆ ಯವ್ವಾ. ಸಣ್ಣವೆರಡು ಹಸದು ಅಳತಿದ್ವು. ಜೋಳ ಕೊಟ್ಟ, ಮಾತು ತಗೊಂಡ. ಈಗ ಎದಿ ಹಿಂಡಾಕ ಹತ್ತೇತಿ."

"ಹೋದ ಹುಡುಗ್ಯಾರು ಒಬ್ಬರರೆ ಹೊಳ್ಳಿ ಬಂದಾರೇನ?"

"ಇಲ್ಲ."

"ಹೋದವರೆಲ್ಲಾ ನಿನ್ನಂಥವರ ಮಕ್ಕಳು?"

"ಹೌದು ಯವ್ವಾ."

ಹುಲಿಗೆವ್ವ ತಿರುಗಿ ನೋಡಿದಳು. ಕೆಳಗೆ ಬೀದಿಯಲ್ಲಿ ಮಾಳಿಯ ಮೆರವಣಿಗೆ ಬರುತ್ತಿತ್ತು. "ಶಾಲು ಹೊದ್ದವನ ಮುಂದ ನಿನ್ನ ಮಾತು ಯಾರು ಕೇಳ್ತಾರ? ಬೇರೆ ದಾರಿ ನೋಡತೀನಿ," ಎಂದು ಒಳಗೆ ಹೋದಳು.

ರಾಜ ಖುಷಿಯಲ್ಲಿದ್ದ. "ಹುಲಿಗೆವ್ವಾ, ಬಂಗಾರದ ಬಳಿ ತಗೋ."

"ಬ್ಯಾಡಪ್ಪ. ಕೂಸು ಎತ್ತಾಕ ಅಡ್ಡ ಬರ್ತಾವ."

"ಹೊಲ ತಗೋ."

"ನಾ ಉಳಾಕ ಹೋದ್ರ ಕೂಸು ಹಿಡಿಯಾವ್ರು ಯಾರು?"

"ಮತ್ತೇನು ಬೇಕು?"

"ಅಗೋ, ದಣಿ ಒಂದು ಹುಡುಗೀನ್ನ ತಂದಾನ. ಅದರ ಉಡಿ ಖಾಲಿ ಐತಿ. ರಾಣಿಯವರು ತುಂಬಲಿ."

ರಾಜನಿಗೆ ನಗು ಬಂತು, ಇಷ್ಟೇನಾ ಎಂದು. ದಣಿಯಂತೂ ಉಬ್ಬಿಹೋದ. ತನ್ನ ಮಹಲಿನ ಹುಡುಗಿಗೆ ಮಹಾರಾಣಿಯ ಕೈಯಿಂದ ಉಡಿ! ಬೇಡ ಎನ್ನುವಷ್ಟು ಬುದ್ಧಿ ಅವನಿಗಿತ್ತು, ಆದರೆ ಮರ್ಯಾದೆಯ ಆಸೆ ಅದಕ್ಕಿಂತ ದೊಡ್ಡದಿತ್ತು. ರಾಣಿ ಮಾಳಿಯ ಮಡಿಲಿಗೆ ಅಕ್ಕಿ ಸುರಿದಳು, ಕೊಬ್ಬರಿ ಬಟ್ಟಲಿಟ್ಟಳು, ಹಣೆಗೆ ಕುಂಕುಮ ಹಚ್ಚಿದಳು.

ಪಂಚಮಿ ಬಂತು. ರಾಣಿ ದಾಸಿಯನ್ನು ಕಳಿಸಿದಳು. "ಹುಡುಗಿ ಪಾಠ ಓದ್ತಾಳ," ಅಂದ ದಣಿ. ರಾಣಿ ಮೇನೆ ಕಳಿಸಿದಳು. "ಹುಡುಗಿಗೆ ಜ್ವರ," ಅಂದ ದಣಿ. ಮೂರನೆಯ ಸಲ ಹುಲಿಗೆವ್ವನೇ ಹೋಗಿ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತಳು. "ಕಳಸು. ಇಲ್ಲಾಂದ್ರ ಆಕಿ ತವರಿನವರೇ ಬರ್ತಾರಂತ ತಿಳಿ, ದಂಡು ತಗೊಂಡು."

ದಣಿಗೆ ಬೆವರು. ಪೆಟ್ಟಿಗೆಯ ಲಂಗ ತೆಗೆದು ಮಾಳಿಗೆ ತೊಡಿಸಿ ಕಿವಿಯಲ್ಲಿ ಹೇಳಿದ, "ಅಲ್ಲಿ ಬಾಯಿ ಬಿಟ್ಟೆಂದ್ರ ಇಲ್ಲಿರೋ ಹುಡುಗ್ಯಾರಿಗೆ ಕೂಳಿಲ್ಲ."

ಮಾಳಿ ಬಾಯಿ ಬಿಡಲಿಲ್ಲ. ರಾಣಿ ಹಬ್ಬದ ಉಂಡಿಯನ್ನು ಮಡಿಲಿಗೆ ಹಾಕಿ ಕೇಳಿದಳು, "ಸುಖವಾಗಿದ್ದೀಯೇನವ್ವ?" ತಲೆ ಆಡಿಸಿದಳು. "ಓದು ನಡೆದಿದೆಯಾ?" ತಲೆ ಆಡಿಸಿದಳು. "ಅವ್ವನ ನೆನಪಾಗುತ್ತದಾ?" ತಲೆ ಆಡಲಿಲ್ಲ, ಕಣ್ಣು ತುಂಬಿದವು.

ಮಾಳಿಯ ಬಿಗಿದ ಮುಷ್ಟಿ ನೋಡುತ್ತ ಹುಲಿಗೆವ್ವ ಅಂದಳು, "ಮಾತಾಡಸಬ್ಯಾಡ್ರಿ ತಾಯಿ. ಪಂಚಮಿ ಅಲ್ಲೇನ್ರಿ? ಜೋಕಾಲಿ ಆಡಸ್ರಿ."

ಅಂಗಳದಲ್ಲಿ ಜೋಕಾಲಿ ಕಟ್ಟಿತ್ತು. ಮಾಳಿಯನ್ನು ಕೂರಿಸಿ ದಾಸಿಯರು ಜೀಕಿದರು. ಒಂದು ಜೀಕು, ಹಲ್ಲು ಕಚ್ಚಿದಳು. ಎರಡನೆಯ ಜೀಕು, ಮುಖ ಕಪ್ಪಿಟ್ಟಿತು. ಮೂರನೆಯ ಜೀಕಿಗೆ ಹಗ್ಗ ಹಿಡಿದ ಕೈ ತಾನಾಗಿ ಬಿಟ್ಟುಹೋಯಿತು. ಕೂಸು ಹಿಡಿದು ರೂಢಿಯಿದ್ದ ಹುಲಿಗೆವ್ವ ಕೆಳಗೇ ನಿಂತಿದ್ದಳು. ಬಿದ್ದವಳನ್ನು ಹಿಡಿದಳು.

ರಾಣಿ ಓಡಿಬಂದು ಮಾಳಿಯ ಮುಷ್ಟಿ ಬಿಡಿಸಿದಳು. ಅಂಗೈಯಲ್ಲಿ ಚರ್ಮವಿರಲಿಲ್ಲ. ಹುರಿಯ ಗುರುತು ಓರೆಯಾಗಿ ಕೊರೆದು ನಿಂತಿತ್ತು. ರಾಣಿ ಜೋಕಾಲಿಯ ಹಗ್ಗವನ್ನು ಆ ಅಂಗೈ ಮೇಲಿಟ್ಟು ನೋಡಿದಳು. ಗೆರೆಗೆ ಗೆರೆ ಕೂತಿತು. ಹಗ್ಗ ದಣಿಯೇ ಅರಮನೆಗೆ ಕಾಣಿಕೆ ಕೊಟ್ಟದ್ದು.

"ಒಳಗೆ ಇನ್ನೂ ಎಷ್ಟು ಜನ ಇದ್ದೀರವ್ವ?"

ಮಾಳಿ ಮೊದಲ ಸಲ ಬಾಯಿ ತೆರೆದಳು. "ನಾ ಹೇಳಿದ್ರ ಅವರಿಗೆ ಊಟ ಸಿಗತೇತೇನ್ರಿ?"

"ಸಿಗುತ್ತದೆ. ನಾನೇ ಬಡಿಸುತ್ತೇನೆ."

ಆಮೇಲೆ ಮಾಳಿ ಎಲ್ಲ ಹೇಳಿದಳು.

ರಾಣಿ ಮೊರದ ತುಂಬ ಅಕ್ಕಿ ಹಿಡಿದು ದಣಿಯ ಮಹಲಿಗೆ ನಡೆದಳು. ಹಿಂದೆ ರಾಜ, ಅವನ ಹಿಂದೆ ಕೇರಿಯ ತಾಯಂದಿರು. ದಣಿ ಕೈಮುಗಿದು ಅಂದ, "ಮಾಳಿ ನಿಮ್ಮಾಕಿ, ಒಪ್ಪಿದೆ. ಉಳಿದವರಿಗೆ ಯಾರು ಉಡಿ ತುಂಬ್ಯಾರ್ರಿ? ಅವರನ್ನ ಕೇಳೋ ಹಕ್ಕು ಯಾರಿಗೂ ಇಲ್ಲ. ಪದ್ಧತಿ ಅಂದ್ರ ಪದ್ಧತಿ."

"ಹೌದು, ಪದ್ಧತಿ," ಅಂದಳು ರಾಣಿ. ಹಗ್ಗದ ಕೋಣೆಗೆ ಹೋದಳು. ಒಬ್ಬೊಬ್ಬ ಹುಡುಗಿಯ ಮಡಿಲಿಗೂ ಬೊಗಸೆ ಅಕ್ಕಿ ಹಾಕಿದಳು. ಎದ್ದು ನಿಂತು ಹೇಳಿದಳು, "ಇವತ್ತು ಪಂಚಮಿ. ನನ್ನ ಮಕ್ಕಳನ್ನು ಕರೆಯಲು ಬಂದಿದ್ದೇನೆ. ಇಲ್ಲ ಅನ್ನು, ನೋಡೋಣ."

ದಣಿ ಬಾಗಿಲು ಬಿಟ್ಟು ಸರಿದ.

ಮುಂದಿನದೆಲ್ಲ ಬೇಗ ಆಯಿತು. ರಾಜ್ಯದ ಜೋಕಾಲಿಗಳಿಗೆಲ್ಲ ದಣಿಯೇ ಕೂತು ಹಗ್ಗ ಹೊಸೆಯಬೇಕೆಂದು ಅಪ್ಪಣೆಯಾಯಿತು. ಮಹಲು ಹುಡುಗಿಯರ ಓದಿನ ಮನೆಯಾಯಿತು. ಅದರ ಬಾಗಿಲಿಗೆ ಅಗುಳಿ ಒಳಗಡೆ ಮಾತ್ರ. ರಾಜ ಹುಲಿಗೆವ್ವನಿಗೆ ಶಾಲು ತಂದ.

"ಶಾಲು ಇರಲಿ ತಮ್ಮಾ," ಅಂದಳು ಅವಳು. "ಈ ತಾಯಂದಿರ ಮನಿಗೆ ಜೋಳ ಮುಟ್ಟಸು, ಮಕ್ಕಳನ್ನ ಯಾರಿಗೂ ಕೊಡೂದಿಲ್ಲ ಅವರು. ಮತ್ತ ಇನ್ನ ಮ್ಯಾಲೆ ಹಡದಾಕೀನೇ ಮಗಳ ಉಡಿ ತುಂಬಲಿ. ಗಂಡ ಇರಲಿ, ಇಲ್ಲದಿರಲಿ."

ದ್ಯಾಮವ್ವ ಬೊಗಸೆಯಲ್ಲಿ ಹಿಡಿಸಲಾರದಷ್ಟು ಅಕ್ಕಿ ತೆಗೆದು ಮಾಳಿಯ ಉಡಿ ತುಂಬಿದಳು. ಅಕ್ಕಿ ಅರ್ಧ ನೆಲಕ್ಕೆ ಬಿತ್ತು. ಯಾರೂ ಅಪಶಕುನ ಅನ್ನಲಿಲ್ಲ.

ನೀತಿ ಇಷ್ಟೇ. ಕೊಟ್ಟು ಕೈ ತೊಳೆದುಕೊಳ್ಳಬೇಡಿ, ಮತ್ತೆ ಹೋಗಿ ನೋಡಿ. ಯಾರೂ ಕೇಳಿಕೊಂಡು ಬಾರದ ಹುಡುಗಿಯನ್ನು ನೀವು ಕೇಳಿಕೊಂಡು ಹೋಗಿ.

ಕಥೆ ಮುಗಿಸಿ ಕಾಶವ್ವ ಕೈ ಒರೆಸಿಕೊಂಡು ನಮ್ಮೆಲ್ಲರ ಮಡಿಲಿಗೂ ಒಂದೊಂದು ಹಿಡಿ ಅಕ್ಕಿ ಹಾಕುತ್ತಿದ್ದರು. ಅವರಿಗೂ ಗಂಡನಿರಲಿಲ್ಲ. ಆ ಅಕ್ಕಿ ಹಾಸ್ಟೆಲಿನದೇ, ಮರುದಿನ ಅನ್ನವಾಗಿ ನಮ್ಮ ತಾಟಿಗೇ ಬರುತ್ತಿತ್ತು. ಆದರೂ ಇವತ್ತಿಗೂ ತವರು ಯಾವುದೆಂದು ಯಾರಾದರೂ ಕೇಳಿದರೆ ನನಗೆ ಆ ಒಲೆಯೇ ಕಾಣುತ್ತದೆ.

ಕೇಳಿದಿರಲ್ಲ, ಇನ್ನು ನೀವು ಹೇಳಿ. ಪಕ್ಕದ ಮನೆಯಲ್ಲಿ ಪಾತ್ರೆ ತಿಕ್ಕುವ ಪುಟ್ಟ ಹುಡುಗಿಯ ಕಿವಿಗೂ ಬೀಳುವ ಹಾಗೆ, ಸ್ವಲ್ಪ ಗಟ್ಟಿಯಾಗಿಯೇ ಹೇಳಿ.