ಅಗಿದು ತಿನ್ನುವ ಮುದ್ದೆ

"ಅಯ್ಯನೋರೆ, ಸುವಾರ್ತೆ ಸಾರಲು ಹೋಗುವವರಿಗೆ ಸಿಂಹ ನೋಡುವ ಕೆಲಸವೇನು? ಕಂಡವರ ಮನೆಯಲ್ಲಿ ಕೂತು ಉಣ್ಣುವ ಕೆಲಸವೇನು?"

ಕೇಳಿದವನು ನಾನೇ. ನಮ್ಮ ಚರ್ಚಿನ ಸಭೆಯಿಂದ ಆರು ಮಂದಿ ತಾಂಜಾನಿಯಾಕ್ಕೆ ಹೊರಟಿದ್ದೆವು. ಹತ್ತು ದಿನದ ಪಟ್ಟಿಯಲ್ಲಿ ಒಂದು ದಿನ ಕಾಡಿಗೆ, ಒಂದು ದಿನ ಹಳ್ಳಿಯವರ ಮನೆ ಊಟಕ್ಕೆ ಎಂದಿತ್ತು. ಮೈಕಿಲ್ಲದೆ ಮೂರು ಬೀದಿಗೆ ಕೇಳಿಸುವ ಗಂಟಲು ಸಭೆಯಲ್ಲಿ ನನ್ನೊಬ್ಬನದೇ. ಇದು ಜಂಬವಲ್ಲ, ಊರಿಗೇ ಗೊತ್ತು. "ಆ ಎರಡು ದಿನ ಹೊಡೆದುಹಾಕೋಣ. ಇನ್ನೆರಡು ಹಳ್ಳಿ ನಾನೊಬ್ಬನೇ ಮುಗಿಸುತ್ತೇನೆ" ಎಂದು ಪೆನ್ನು ತೆಗೆದೆ.

ಸಭೆಯ ಪಾದ್ರಿಗಳಾದ ಅಯ್ಯನವರು ಪೆನ್ನು ನೋಡಿದರು. ಕತೆ ಹೇಳಿದರು.

ಒಬ್ಬ ರೈತ ಹೀಗೆಯೇ ಆ ದೇಶಕ್ಕೆ ಹೋದ. ಒಂದು ಹಳ್ಳಿಯಲ್ಲಿ ಮೂರು ದಿನ ತಂಗುವುದಿತ್ತು. ಜೊತೆಯವರು ಕಾಡಿಗೆ ಹೊರಟಾಗ, "ನೀವು ಸಿಂಹ ನೋಡಿ, ನಾನು ಜನರನ್ನು ನೋಡುತ್ತೇನೆ" ಎಂದ. ಉಣ್ಣಲು ಕರೆದ ಮನೆಗಳಿಗೂ ಹೋಗಲಿಲ್ಲ. ಚೀಲದಲ್ಲಿ ಊರಿನ ಅವಲಕ್ಕಿ ಇತ್ತು. ಆ ನಾಡಿನವನೇ ಆದ, ಮೈಸೂರಿನಲ್ಲಿ ಓದಿದ್ದ ದುಭಾಷಿಯನ್ನು ಕರೆದುಕೊಂಡು ಮಾವಿನ ಮರದಡಿ ನಿಂತು ಸಾರಿದ. ಯಾರೂ ಬರಲಿಲ್ಲ. ಮರುದಿನವೂ ಬರಲಿಲ್ಲ. ಉಳಿದದ್ದು ಒಂದೇ ದಿನ. ಒಬ್ಬನನ್ನಾದರೂ ದೇವರ ಹತ್ತಿರ ಕರೆತರದೆ ಮರಳುವುದಿಲ್ಲ ಎಂದು ಅವನು ಇಡೀ ಸಭೆಯ ಮುಂದೆ ಮಾತು ಕೊಟ್ಟು ಬಂದಿದ್ದ.

ಮೂರನೆಯ ದಿನ ಮಧ್ಯಾಹ್ನಕ್ಕೆ ಗಂಟಲು ಕಟ್ಟಿತು. ದುಭಾಷಿ ನೀರು ತರಲು ಹೋದ. ಎದುರಿನ ಅಂಗಳದಲ್ಲಿ ಒಬ್ಬ ಮುದುಕ ಒಲೆಯ ಮುಂದೆ ಹಿಟ್ಟು ತಿರುವುತ್ತಿದ್ದ. ರೈತ ಎರಡೂ ಕೈ ಚಾಚಿ ತನ್ನ ಭಾಷೆಯಲ್ಲೇ ಕೂಗಿದ: "ಬಾ, ಬಾ!"

ಮುದುಕನ ಕೈಯ ಕೋಲು ನಿಂತಿತು. ಆ ದೇಶದ ಮಾತಿನಲ್ಲಿ 'ಬಾಬಾ' ಎಂದರೆ ಅಪ್ಪ. ಅವನನ್ನು ಹಾಗೆ ಕರೆಯುವವರು ಯಾರೂ ಉಳಿದಿರಲಿಲ್ಲ. ಎದ್ದು ಬಂದ. ರೈತನ ಕೈ ಹಿಡಿದು ಒಲೆಯ ಬಳಿ ಕೂರಿಸಿದ. ಮುಸುಕಿನ ಜೋಳದ ಬಿಳಿ ಮುದ್ದೆ, ಬೇಯಿಸಿದ ಸೊಪ್ಪು ಮುಂದಿಟ್ಟ.

ರೈತ ರಾಗಿಮುದ್ದೆಯ ನಾಡಿನವನು. ತುತ್ತು ಮುರಿದು, ಸೊಪ್ಪಿಗೆ ಒತ್ತಿ, ಅಗಿಯದೆ ನುಂಗಿದ. ಗಂಟಲಿಗೆ ಸಿಕ್ಕಿಕೊಂಡಿತೆಂದು ಹೆದರಿದ ಮುದುಕ ಅವನ ಬೆನ್ನು ಗುದ್ದಿದ.

ನೀರು ತಂದ ದುಭಾಷಿ ನಕ್ಕುಬಿಟ್ಟ. "ಅಣ್ಣ, ನೀವು ಇವರನ್ನು ಅಪ್ಪ ಅಂದುಬಿಟ್ಟಿದ್ದೀರಿ. 'ಹಲ್ಲಿಲ್ಲದ ನಾನೇ ಅಗೀತೀನಿ, ನೀನ್ಯಾಕೋ ಮಗನೇ ನುಂಗ್ತೀಯಾ' ಅಂತ ಕೇಳ್ತಿದ್ದಾರೆ."

"ಮುದ್ದೆ ಅಗಿಯೋನಿಗೆ ನಮ್ಮೂರಲ್ಲಿ ಹೆಣ್ಣು ಕೊಡಲ್ಲ ಅಂತ ಹೇಳಪ್ಪ!"

ಮುದುಕ ನಕ್ಕ. ನಗು ಕೇಳಿ ನೆರೆಯವರು ಬಂದರು. ತಾವೂ ನುಂಗಿ ನೋಡಿದರು, ಕೆಮ್ಮಿದರು. ಉಂಡಾದ ಮೇಲೆ ಮುದುಕ ರೈತನಿಗೆ ತನ್ನ ಊರು ತೋರಿಸಿದ. ಬೆಟ್ಟ ತೋರಿಸಿದ. ಕೆರೆ ತೋರಿಸಿದ. ಕೊನೆಗೆ ಮಗನ ಸಮಾಧಿ ತೋರಿಸಿದ. ಅಲ್ಲಿ ರೈತನಿಗೆ ಸಾರುವ ಮಾತು ಒಂದೂ ನೆನಪಾಗಲಿಲ್ಲ. ಮುದುಕನ ಹೆಗಲು ಹಿಡಿದು "ಬಾಬಾ" ಎಂದ. ಈ ಸಲ ಅರ್ಥ ತಿಳಿದೇ ಎಂದ.

ಅಯ್ಯನವರು ಅಲ್ಲಿಗೆ ನಿಲ್ಲಿಸಿದರು.

"ಅದಿರಲಿ ಅಯ್ಯನೋರೆ, ಲೆಕ್ಕಕ್ಕೆ ಬನ್ನಿ. ದೇವರ ಹತ್ತಿರ ಎಷ್ಟು ಜನ ಬಂದರು?" ಎಂದೆ.

"ಒಬ್ಬ. 'ಬಾ, ಬಾ' ಎಂದು ಕೂಗಿದವನೇ."

ನಾನು ಪೆನ್ನಿಗೆ ಮುಚ್ಚಳ ಹಾಕಿದೆ.